ಗುಡ್ಡದ ಕಡೆಯ ಗೋಡೆ: ಕುಮಟಾದಲ್ಲಿ ಹಳೆಮನೆ ಕೊಂಡ ಒಂದು ಪ್ರಕರಣ

ಅಕ್ಕೋರು ಫೋನ್ ಮಾಡಿದ್ದು 2024ರ ಮಾರ್ಚ್ ಕೊನೆಯ ವಾರ. ಕುಮಟಾ ಪೇಟೆಯಿಂದ ನಾಲ್ಕು ಕಿಲೋಮೀಟರ್ ಒಳಗೆ, ಗುಡ್ಡದ ಬುಡದಲ್ಲಿ ಒಂದು ಹಳೆಯ ಮನೆ ಮಾರಾಟಕ್ಕಿದೆ, ನೀವೊಮ್ಮೆ ಬಂದು ನೋಡಬೇಕು ಅಂದರು. ಅವರು ಪ್ರಾಥಮಿಕ ಶಾಲೆಯ ಶಿಕ್ಷಕಿ. ಗಂಡ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಾರೆ. ಹದಿನಾಲ್ಕು ವರ್ಷದಿಂದ ಬಾಡಿಗೆ ಮನೆಯಲ್ಲೇ ಇದ್ದವರು. ಒಂಬತ್ತು ಗುಂಟೆ ಜಾಗ, ಹನ್ನೆರಡು ತೆಂಗಿನ ಮರ, ಒಂದು ಬಾವಿ, ಹಂಚಿನ ಮನೆ. ಹೇಳಿದ ಬೆಲೆ 48 ಲಕ್ಷ.

"ಸಂಚಕಾರ ಕೊಟ್ಟಾಯ್ತಾ?" ಅಂತ ಮೊದಲು ಕೇಳಿದೆ.

"ಇಲ್ಲ. ನೀವು ನೋಡಿದ ಮೇಲೇ ಕೊಡುವುದು ಅಂತ ಇವರು ಹೇಳಿದಾರೆ."

ನನಗೆ ಅಷ್ಟು ಸಾಕಾಗಿತ್ತು. ಈ ಭಾಗದಲ್ಲಿ ಮನೆ ಕಟ್ಟಿಸುವುದು, ಹಳೆಮನೆ ದುರಸ್ತಿ ಮಾಡಿಸುವುದು ನನ್ನ ಕೆಲಸ. ಹಳೆಮನೆ ಕೊಳ್ಳುವವರು ನನ್ನನ್ನು ಕರೆಯುವುದು ಹೆಚ್ಚಾಗಿ ಖರೀದಿ ಪತ್ರ ಆದ ಮೇಲೆ, ಮೊದಲ ಮಳೆಗಾಲದಲ್ಲಿ, ಗೋಡೆಯಿಂದ ನೀರು ಇಳಿಯಲು ಶುರುವಾದಾಗ. ಆಗ ನನ್ನ ಹತ್ತಿರ ಖರ್ಚಿನ ಲೆಕ್ಕ ಬಿಟ್ಟು ಬೇರೇನೂ ಇರುವುದಿಲ್ಲ. ಇವರು ಬೇಸಿಗೆಯಲ್ಲೇ ಕರೆದರು. ಅದರಿಂದ ಎಷ್ಟು ವ್ಯತ್ಯಾಸವಾಯಿತು ಅನ್ನುವುದನ್ನು ಅವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಮನೆ 1960ರ ದಶಕದ್ದು. ಒಂದೂವರೆ ಅಡಿ ದಪ್ಪದ ಚಿರೇಕಲ್ಲಿನ ಗೋಡೆ, ಮಂಗಳೂರು ಹಂಚು, ಮುಂದೆ ಉದ್ದನೆಯ ಜಗಲಿ. ಜಾಗ ಇಳಿಜಾರು. ಹಿಂದೆ ಗುಡ್ಡ, ಮುಂದೆ ತೋಟ. ಕಟ್ಟಿದವರು ಹಿಂದಿನ ಧರೆ, ಅಂದರೆ ಗುಡ್ಡದ ಬದಿಯ ಮಣ್ಣು, ಕಡಿದು, ಮನೆಯ ಕೆಳಗೆ ಒಂದು ಕೋಣೆ ತೆಗೆದಿದ್ದರು. ತೋಟದ ಕಡೆಯಿಂದ ನೋಡಿದರೆ ಅದಕ್ಕೆ ಬಾಗಿಲು, ಕಿಟಕಿ ಎಲ್ಲಾ ಇದೆ. ಗುಡ್ಡದ ಕಡೆಯಲ್ಲಿ ಮಾತ್ರ ಅದರ ಗೋಡೆ ಏಳು ಅಡಿ ಮಣ್ಣಿನೊಳಗೆ. ನೆಲಮಾಳಿಗೆ ಅನ್ನಬಹುದು. ಮನೆಯವರು 'ಕೆಳಗಿನ ಕೋಣೆ' ಅನ್ನುತ್ತಿದ್ದರು. ತೆಂಗಿನಕಾಯಿ, ಕಟ್ಟಿಗೆ, ಹಳೆಯ ಹಂಡೆ ಇಡುವ ಜಾಗ.

ಅಕ್ಕೋರಿಗೆ ಈ ಕೋಣೆಯ ಮೇಲೇ ಕಣ್ಣು. 20 ಅಡಿ ಉದ್ದ, 12 ಅಡಿ ಅಗಲ. ಹೊರಗೆ ಸುಡುಬಿಸಿಲು ಇದ್ದರೂ ಒಳಗೆ ತಂಪು. ಕೇರಿಯ ಮಕ್ಕಳನ್ನು ಸಂಜೆ ಇಲ್ಲಿ ಕೂರಿಸಿ ಓದಿಸಬೇಕು, ಒಂದು ಗೋಡೆಗೆ ಪೂರ್ತಿ ಪುಸ್ತಕದ ಕಪಾಟು ಮಾಡಿಸಬೇಕು ಅಂತ ಆಗಲೇ ಲೆಕ್ಕ ಹಾಕಿದ್ದರು. ಅವರು ಕಪಾಟಿಗೆ ಅಂತ ತೋರಿಸಿದ ಗೋಡೆಯೇ ಗುಡ್ಡದ ಕಡೆಯದು.

ಮನೆಯಲ್ಲಿ ಎಲ್ಲಾ ಕಡೆ ಹಳೆಯ ಸುಣ್ಣ. ಆ ಒಂದು ಗೋಡೆಗೆ ಮಾತ್ರ ಹೊಸ ಸಿಮೆಂಟ್ ಪ್ಲಾಸ್ಟರ್, ಅದರ ಮೇಲೆ ತಿಳಿಹಸಿರು ಬಣ್ಣ. ಕಟ್ಟಿಗೆ ರಾಶಿ ಹಾಕುವ ಕೋಣೆಯ ಒಂದೇ ಒಂದು ಗೋಡೆಗೆ ಯಾರೂ ಸುಮ್ನೆ ಬಣ್ಣ ಬಳಿಯುವುದಿಲ್ಲ, ಅಲ್ವಾ?

ಮೂರು ಬಿರುಕು

ಕೋಣೆಯಲ್ಲಿ ಮೂರು ಬಿರುಕು ಕಂಡವು. ಒಂದಕ್ಕೊಂದು ಸಂಬಂಧವೇ ಇರಲಿಲ್ಲ. ಜನ ಬಿರುಕು ಅಂದ ಕೂಡಲೇ ಎಲ್ಲವನ್ನೂ ಒಂದೇ ಅಂತ ನೋಡುತ್ತಾರೆ. ಒಂದೋ ಎಲ್ಲದಕ್ಕೂ ಹೆದರುತ್ತಾರೆ, ಇಲ್ಲಾ ಎಲ್ಲದಕ್ಕೂ ಬಣ್ಣ ಹೊಡೆಯುತ್ತಾರೆ.

ಮೊದಲನೆಯದು ಮುಂದಿನ ಗೋಡೆಯ ಕಿಟಕಿ ಕೆಳಗೆ, ಮೇಲಿನಿಂದ ಕೆಳಕ್ಕೆ ನೇರವಾಗಿ ಇಳಿದಿತ್ತು. ಕೂದಲೆಳೆಯಷ್ಟು. ಪ್ಲಾಸ್ಟರ್ ಒಣಗುವಾಗ ಬಿಟ್ಟ ಬಿರುಕು. ಅದರ ಬಗ್ಗೆ ಇಷ್ಟು ಸಾಕು.

ಎರಡನೆಯದು ಎಡಗಡೆಯ ಮೂಲೆಯಲ್ಲಿ. ಕಲ್ಲಿನ ಸಂದು ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿತ್ತು. ಕೆಳಗೆ ಸಣ್ಣ, ಮೇಲೆ 3 ಮಿ.ಮೀ. ಅಗಲ. ಹೀಗೆ ಮೇಲೆ ಹೋದಂತೆ ಅಗಲವಾಗುವ ಬಿರುಕು ಮೂಲೆ ಕೆಳಕ್ಕೆ ಕೂರುತ್ತಿದೆ ಅನ್ನುವುದನ್ನು ತೋರಿಸುತ್ತದೆ. ಆದರೆ ಅದರೊಳಗೆ ಹಳೆಯ ಸುಣ್ಣ ಇತ್ತು, ಜೇಡರ ಬಲೆ ಇತ್ತು. ಎಂದೋ ಕೂತು ನಿಂತಿದೆ ಅಂದುಕೊಂಡೆ. ಈ ಅಂದಾಜು ತಪ್ಪಾಗಿತ್ತು, ಮುಂದೆ ಹೇಳುತ್ತೇನೆ.

ಮೂರನೆಯದು ಕಣ್ಣಿಗೆ ಬೀಳುವಂತೆ ಇರಲೇ ಇಲ್ಲ. ಕೋಣೆಯ ಬಾಗಿಲು ಹಾಕಿಸಿ, ಟಾರ್ಚನ್ನು ಹಸಿರು ಗೋಡೆಗೆ ಒತ್ತಿ ಹಿಡಿದು, ಬೆಳಕು ಗೋಡೆಯುದ್ದಕ್ಕೂ ಸವರಿಕೊಂಡು ಹೋಗುವ ಹಾಗೆ ಬಿಟ್ಟೆ. ನೇರ ಬೆಳಕಿನಲ್ಲಿ ಸಪಾಟಾಗಿ ಕಂಡ ಗೋಡೆ ಈಗ ನಡುವಿನಲ್ಲಿ ಉಬ್ಬಿಕೊಂಡಿತ್ತು. ನೆಲದಿಂದ ಮೂರೂವರೆ ಅಡಿ ಎತ್ತರದಲ್ಲಿ, ಹೊಸ ಪ್ಲಾಸ್ಟರನ್ನೂ ಸೀಳಿಕೊಂಡು ಒಂದು ಗೆರೆ ಅಡ್ಡಡ್ಡ ಹೋಗಿತ್ತು. 11 ಅಡಿ ಉದ್ದ. ತೂಗುಗುಂಡು ಬಿಟ್ಟು ನೋಡಿದೆ. ಗೋಡೆಯ ತಲೆಗೂ ನಡುವಿಗೂ 21 ಮಿ.ಮೀ. ವ್ಯತ್ಯಾಸ. ನಡು ಒಳಕ್ಕೆ ಬಂದಿತ್ತು.

ಮನೆಯವರನ್ನು ಕೇಳಿ, ಒಂದು ಅಂಗೈ ಅಗಲ ಪ್ಲಾಸ್ಟರ್ ಕೆತ್ತಿಸಿದೆ. ಒಳಗೆ ಸಂದು 7 ಮಿ.ಮೀ. ಬಾಯಿ ಬಿಟ್ಟಿತ್ತು. ಬೆರಳು ಹಾಕಿದರೆ ಕಲ್ಲಿನ ನಡುವಿನ ಮಣ್ಣು ಪುಡಿಪುಡಿಯಾಗಿ ಉದುರಿತು.

ಬಿರುಕಿನ ಅಗಲಕ್ಕೆ ನಮ್ಮ ಕೆಲಸದಲ್ಲಿ ಒಂದು ಲೆಕ್ಕ ಇದೆ. 1 ಮಿ.ಮೀ. ಒಳಗಿದ್ದರೆ ಬಣ್ಣ ಹೊಡೆಯುವಾಗ ಮುಚ್ಚಿ ಹೋಗುತ್ತದೆ. 5ರ ತನಕ ತುಂಬಿಸಿದರೆ ಸಾಕು. 5ರಿಂದ 15 ಆದರೆ ಬಿಚ್ಚಿ ಸರಿ ಮಾಡಬೇಕು, ಬಾಗಿಲು ಕಿಟಕಿ ಹಿಡಿದುಕೊಳ್ಳಲು ಶುರುವಾಗುವುದೂ ಈ ಹಂತದಲ್ಲೇ. 15 ದಾಟಿದರೆ ಆ ಭಾಗದ ಗೋಡೆಯನ್ನೇ ಮತ್ತೆ ಕಟ್ಟಬೇಕಾಗುತ್ತದೆ. ಆದರೆ ಈ ಲೆಕ್ಕ ಹೆಚ್ಚಾಗಿ ಪಾಯ ಕೂತು ಬರುವ ಬಿರುಕಿನದು. ಮಣ್ಣಿಗೆ ಆತು ನಿಂತ ಗೋಡೆಯಲ್ಲಿ ಅಡ್ಡ ಬಿರುಕು ಬಂದು, ಗೋಡೆ ಉಬ್ಬಿಯೂ ಇದ್ದರೆ, 4 ಮಿ.ಮೀ. ಇದ್ದರೂ ನಾನು ಅದನ್ನು ಗಂಭೀರ ಅಂತಲೇ ಬರೆಯುತ್ತೇನೆ.

ಕಾರಣ ಸರಳ. ಆ ಗೋಡೆಯ ಬುಡವನ್ನು ನೆಲ ಹಿಡಿದಿದೆ. ತಲೆಯನ್ನು ಮೇಲಿನ ತೊಲೆಗಳು ಹಿಡಿದಿವೆ. ನಡುವಿಗೆ ಯಾರೂ ಇಲ್ಲ. ಹೊರಗಿನಿಂದ ಒತ್ತಿದಾಗ ನಡು ಬಾಗುತ್ತದೆ, ಒಳಮೈ ಸೀಳುತ್ತದೆ. ಒತ್ತುವುದು ಮಣ್ಣು ಅಂತ ಜನ ಅಂದುಕೊಳ್ಳುತ್ತಾರೆ. ಮಣ್ಣೂ ಒತ್ತುತ್ತದೆ, ಆದರೆ ನೀರಿನ ಮುಂದೆ ಅದು ಕಡಿಮೆ. ಏಳು ಅಡಿ ಗೋಡೆಯ ಹಿಂದೆ ನೀರು ತುಂಬಿ ನಿಂತರೆ ಪ್ರತಿ ಒಂದು ಮೀಟರ್ ಉದ್ದದ ಗೋಡೆಗೆ ಸುಮಾರು 2.3 ಟನ್ ಒತ್ತಡ. ಈ 20 ಅಡಿ ಗೋಡೆಗೆ ಒಟ್ಟು 13 ಟನ್‌ಗಿಂತ ಜಾಸ್ತಿ. ತುಂಬಿದ ಲಾರಿಯ ಭಾರ ಅದು. ನೀರಿನ ಎತ್ತರ ಅರ್ಧಕ್ಕೆ ಇಳಿದರೆ ಒತ್ತಡ ಕಾಲು ಭಾಗಕ್ಕೆ ಇಳಿಯುತ್ತದೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಇಡೀ ಮನೆ ಉಳಿದದ್ದು ಅದರಿಂದ.

ಬಾವಿಯನ್ನು ನೋಡಿ ಹೆದರಿದ್ದು

ನಮ್ಮ ಚಿರೇಕಲ್ಲು ಒಳ್ಳೆಯ ಕಲ್ಲು. ನೆಲದೊಳಗೆ ಇರುವಾಗ ಮೆತ್ತಗೆ ಇರುತ್ತದೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. 1800-01ರಲ್ಲಿ ಈ ಕಡೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಅದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದೂ ಲ್ಯಾಟಿನ್ ಭಾಷೆಯ ಇಟ್ಟಿಗೆ ಅನ್ನುವ ಪದದಿಂದ. ಆದರೆ ಅದು ತೂತುತೂತಿನ ಕಲ್ಲು, ನೀರು ಕುಡಿಯುತ್ತದೆ. ನೀರು ಕುಡಿದಾಗ ಅದರ ಗಟ್ಟಿತನ ಕಡಿಮೆಯಾಗುತ್ತದೆ. ಇನ್ನು ಚಿರೇಕಲ್ಲಿನ ಪದರದ ಕೆಳಗೆ ಎಷ್ಟೋ ಕಡೆ ಶೇಡಿ ಮಣ್ಣು. ಒಣಗಿದಾಗ ಗುದ್ದಲಿಗೂ ಜಗ್ಗದ ಆ ಮಣ್ಣು ನೀರು ಸೇರಿದರೆ ಹಿಟ್ಟಿನ ಹಾಗೆ ಆಗುತ್ತದೆ.

ಹಾಗಾಗಿ ನಾನು ನೇರ ಬಾವಿಗೆ ಹೋದೆ. ಬಾವಿ ಮನೆಯ ಹಿಂದಿನ ಅಂಗಳದ ಬದಿಯಲ್ಲೇ ಇತ್ತು. ಮಾರ್ಚ್‌ನಲ್ಲಿ ನೀರು 24 ಅಡಿ ಕೆಳಗೆ. ಆದರೆ ಕಲ್ಲಿನ ಮೇಲೆ ಒಣಗಿದ ಪಾಚಿಯ ಗೆರೆ ನೆಲದಿಂದ ಮೂರೇ ಅಡಿ ಕೆಳಗಿತ್ತು. ಅಂದರೆ ಮಳೆಗಾಲದಲ್ಲಿ ನೀರು ಅಲ್ಲಿಯ ತನಕ ಬರುತ್ತದೆ. ಕೆಳಗಿನ ಕೋಣೆಯ ನೆಲ ಇರುವುದು ಏಳು ಅಡಿ ಕೆಳಗೆ. ಭೂಮಿಯೊಳಗಿನ ನೀರೇ ಆ ಕೋಣೆಯ ನೆಲಕ್ಕಿಂತ ನಾಲ್ಕು ಅಡಿ ಮೇಲೆ ನಿಲ್ಲುತ್ತದೆ.

ಅವತ್ತು ನನ್ನ ಮನಸ್ಸು ಬೇಡ ಅನ್ನುವ ಕಡೆಗೇ ವಾಲಿತ್ತು. ಭೂಮಿಯ ನೀರೇ ಗೋಡೆ ಒತ್ತುತ್ತಿದ್ದರೆ ಅದನ್ನು ತಡೆಯುವುದು ಬಹಳ ಖರ್ಚಿನ ಕೆಲಸ. 12 ಲಕ್ಷ ಹಾಕಿದರೂ ಖಾತ್ರಿ ಕೊಡಲು ಆಗುವುದಿಲ್ಲ. ಆದರೆ ಮಾರ್ಚ್ ತಿಂಗಳಲ್ಲಿ, ಒಣ ಗೋಡೆ ಮುಂದೆ ನಿಂತು, ನೀರು ಎಲ್ಲಿಂದ ಬರುತ್ತದೆ ಅಂತ ಹೇಳುವುದು ಬರೀ ಊಹೆ. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್‌ಗಿಂತ ಜಾಸ್ತಿ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮನೆ ವ್ಯಾಪಾರ ಮಾತ್ರ ಯುಗಾದಿ ಆಚೀಚೆ, ಬೇಸಿಗೆಯಲ್ಲಿ. ಗೋಡೆ ಅತ್ಯಂತ ಚೆನ್ನಾಗಿ ಕಾಣುವ ಹೊತ್ತಿಗೇ ನಾವು ಅದನ್ನು ನೋಡಲು ಹೋಗುತ್ತೇವೆ.

ಬ್ಯಾಂಕಿನ ಕಡೆಯ ಮೌಲ್ಯಮಾಪಕರು ಬಂದು ನೋಡಿದ್ದಾರೆ, ಸಾಲ ಸಿಗುತ್ತದೆ ಅಂದಿದ್ದಾರೆ ಅಂತ ಅಕ್ಕೋರ ಗಂಡ ಹೇಳಿದರು. ಅವರು ನೋಡುವುದು ಮಾರುಕಟ್ಟೆ ಬೆಲೆಯನ್ನು. ಗೋಡೆಯ ಹಿಂದೆ ಏನಿದೆ ಅಂತ ನೋಡುವುದು ಅವರ ಕೆಲಸವಲ್ಲ. ಇದನ್ನು ಎಷ್ಟು ಜನರಿಗೆ ಹೇಳಿದ್ದೇನೋ, ಸಾಲ ಸಿಕ್ಕಿತು ಅಂದರೆ ಮನೆ ಗಟ್ಟಿ ಇದೆ ಅಂತಲೇ ಎಲ್ಲರ ನಂಬಿಕೆ.

ಮಾತುಕತೆ

ಮನೆಯಲ್ಲಿ ಇದ್ದವರು ಎಂಬತ್ತು ದಾಟಿದ ಒಬ್ಬ ಅಮ್ಮ. ಮಗ ಪುಣೆಯಲ್ಲಿ. ತಾಯಿಯನ್ನು ತನ್ನ ಹತ್ತಿರ ಕರೆದುಕೊಂಡು ಹೋಗಲು ಮನೆ ಮಾರುತ್ತಿದ್ದರು. ಪ್ಲಾಸ್ಟರ್ ಮಾಡಿಸಿದ್ದು ಮಗ. ಫೋನಿನಲ್ಲಿ ಕೇಳಿದಾಗ ಅವರು ಮುಚ್ಚಿಡಲಿಲ್ಲ. "ಬಿರುಕು ಇತ್ತು, ಚಂದ ಕಾಣಲಿ ಅಂತ ಮಾಡಿಸಿದೆ" ಅಂದರು. ಮೊದಲು ಬಂದ ಇಬ್ಬರು ಗಿರಾಕಿಗಳು ಅದನ್ನು ನೋಡಿಯೇ ವಾಪಸ್ ಹೋಗಿದ್ದರಂತೆ.

1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿ ಒಂದು ಮಾತಿದೆ. ಮಾರುವವರಿಗೆ ಗೊತ್ತಿರುವ, ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವರಿಗೆ ಕಾಣಿಸದಂಥ ದೊಡ್ಡ ದೋಷ ಆಸ್ತಿಯಲ್ಲಿದ್ದರೆ ಅದನ್ನು ಮಾರುವವರು ತಿಳಿಸಬೇಕು. ಕೊಳ್ಳುವವರು ಇದನ್ನು ಓದಿ ಧೈರ್ಯ ತಂದುಕೊಳ್ಳಬಾರದು. ನೋಡಿದ್ದರೆ ಕಾಣುತ್ತಿತ್ತು ಅನ್ನುವಂಥ ದೋಷಕ್ಕೆ ಇದು ಆಸರೆ ಕೊಡುವುದಿಲ್ಲ. ಬಾಯಿ ತೆರೆದು ನಿಂತ ಬಿರುಕನ್ನು ನೋಡದೆ ಸಹಿ ಹಾಕಿದರೆ ಆಮೇಲೆ ಯಾರನ್ನು ಕೇಳುವುದು? ಹಾಗಾಗಿ ಎಲ್ಲವನ್ನೂ ಕಾಗದದ ಮೇಲೆ ತಂದೆವು. ಮೂರೂ ಬಿರುಕಿನ ಫೋಟೊ, ಅಳತೆ, ದಿನಾಂಕ ಕರಾರಿಗೆ ಲಗತ್ತು ಮಾಡಿದೆವು.

ಸಂಚಕಾರ ಒಂದು ಲಕ್ಷ. ಅಕ್ಟೋಬರ್ ಕೊನೆಯ ತನಕ ವಾಯಿದೆ. ಮಳೆಗಾಲದಲ್ಲಿ ನಾವು ಬಂದು ಗೋಡೆ ಅಳೆಯಬಹುದು. ದುರಸ್ತಿ ಆಗದಂಥದ್ದು ಕಂಡರೆ ಹಣ ವಾಪಸ್. ಆಗುವಂಥದ್ದಾದರೆ ಅದರ ಖರ್ಚು ನೋಡಿ ಬೆಲೆ ಮತ್ತೆ ಕೂತು ಮಾತಾಡುವುದು. ಪುಣೆಯ ಮಗ ಎರಡು ದಿನ ಯೋಚಿಸಿ ಒಪ್ಪಿದರು. ಮನೆ ಎರಡು ವರ್ಷದಿಂದ ಮಾರಾಟವಾಗದೆ ಇತ್ತು, ಅದೂ ಒಂದು ಕಾರಣ.

ದಾಖಲೆಗಳಲ್ಲಿ ತೊಡಕು ಇರಲಿಲ್ಲ. ಪಂಚಾಯತಿಯ ಇ-ಸ್ವತ್ತು 9 ಮತ್ತು 11ನೇ ನಮೂನೆ, ಮೂವತ್ತು ವರ್ಷದ ಋಣಭಾರ ಪತ್ರ ಎಲ್ಲಾ ಸರಿಯಿದ್ದವು. ನಾನು ಹಟ ಹಿಡಿದು ಮಾಡಿಸಿದ್ದು ಹದ್ದುಬಸ್ತು, ಅಂದರೆ ಜಾಗ ಅಳೆಸಿ ಗಡಿ ಗುರುತು ಮಾಡಿಸುವುದು. ಹಿಂದಿನ ಗುಡ್ಡ ಅರಣ್ಯ ಇಲಾಖೆಯದು. ಮನೆಯ ಹಿಂದೆ ಚರಂಡಿ ತೋಡಬೇಕಾಗಿ ಬಂದರೆ ಅದು ಯಾರ ಜಾಗದಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತಿರಬೇಕು. ಗೋಡೆಯಿಂದ ಗಡಿಗೆ ಆರು ಅಡಿ ಸಿಕ್ಕಿತು. ಸಾಕು.

ಮೇ ಕೊನೆಯಲ್ಲಿ ಬಿರುಕುಗಳಿಗೆ ಅಡ್ಡಲಾಗಿ ಆರು ತೆಳು ಗಾಜಿನ ಪಟ್ಟಿ ಕೂರಿಸಿದೆ. ಎರಡೂ ತುದಿಗೆ ಎಂ-ಸೀಲ್ ಅಂಟು, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಕು. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಎಷ್ಟು ಅಲುಗಿತು ಅಂತ ತಿಳಿಯಲು ಬಿರುಕಿನ ಆಚೀಚೆ ಒಂದೊಂದು ಮೊಳೆ ಹೊಡೆದು, ನಡುವಿನ ದೂರವನ್ನು ಕ್ಯಾಲಿಪರ್‌ನಲ್ಲಿ ಅಳೆದು ಬರೆದಿಟ್ಟೆ. ಅಡ್ಡ ಬಿರುಕಿನದು 100.0 ಮಿ.ಮೀ. ಬಾವಿಯ ನೀರಿನ ಮಟ್ಟವನ್ನು ದಿನಾ ಬರೆಯುವ ಕೆಲಸ ಅಮ್ಮನದು. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿ ಕೊಟ್ಟೆ. ಅವರು ಒಂದು ದಿನವೂ ತಪ್ಪಿಸಲಿಲ್ಲ.

ಮಳೆ ಹೇಳಿದ್ದು

ಜೂನ್ ಎರಡನೇ ವಾರ. ರಾತ್ರಿಯಿಡೀ ಜಡಿಮಳೆ. ಬೆಳಿಗ್ಗೆ ಆರೂವರೆಗೆ ಅಮ್ಮನ ಫೋನ್. "ತಮಾ, ಎರಡು ಗಾಜು ಒಡೆದು ಹೋಗದೆ. ಗೋಡೆ ಬೆವರ್ತದೆ."

"ಬಾವಿಯಲ್ಲಿ ನೀರು ಎಷ್ಟಿದೆ ಅಮ್ಮಾ?"

"ಇಪ್ಪತ್ತೆರಡು ಗಂಟು."

ನಾನು ಒಂದು ಕ್ಷಣ ಸುಮ್ಮನಾದೆ. ಬಾವಿಯ ನೀರು ಇನ್ನೂ 22 ಅಡಿ ಕೆಳಗಿದೆ. ಕೋಣೆಯ ನೆಲಕ್ಕಿಂತ 15 ಅಡಿ ಕೆಳಗೆ. ಆದರೂ ಒಂದೇ ರಾತ್ರಿಯ ಮಳೆಗೆ ಗೋಡೆ ಒದ್ದೆಯಾಗಿ ಗಾಜು ಒಡೆದಿದೆ. ಹಾಗಾದರೆ ಗೋಡೆ ಒತ್ತುತ್ತಿರುವುದು ಭೂಮಿಯೊಳಗಿನ ನೀರಲ್ಲ. ಮೇಲಿನಿಂದ ಬೀಳುವ ನೀರು ಎಲ್ಲೋ ಸಿಕ್ಕಿಹಾಕಿಕೊಳ್ಳುತ್ತಿದೆ. ಮೊದಲನೆಯದಾಗಿದ್ದರೆ ಮನೆ ಬೇಡ. ಎರಡನೆಯದಾದರೆ ದಾರಿ ಇದೆ.

ಮಧ್ಯಾಹ್ನದ ಮಳೆಯಲ್ಲಿ ಕೊಡೆ ಹಿಡಿದು ಮನೆಯ ಹಿಂದೆ ಮುಕ್ಕಾಲು ಗಂಟೆ ನಿಂತೆ. ಮಾಡಿನ ಹಿಂಬದಿಯ ನೀರೆಲ್ಲಾ ಗೋಡೆಗೂ ಧರೆಗೂ ನಡುವಿನ ಜಾಗಕ್ಕೆ ಬೀಳುತ್ತಿತ್ತು. ಮಾಡಿನ ಆ ಭಾಗ ಸುಮಾರು 600 ಚದರ ಅಡಿ. 100 ಮಿ.ಮೀ. ಮಳೆ ಬಂದ ದಿನ ಅಷ್ಟರಿಂದಲೇ 5,500 ಲೀಟರ್ ನೀರು. ಅದರ ಮೇಲೆ ಗುಡ್ಡದಿಂದ ಹರಿದು ಬರುವುದು ಬೇರೆ. ಅಲ್ಲಿ ಸಿಮೆಂಟ್ ನೆಲ ಹಾಕಿದ್ದರು, ಅದು ಗೋಡೆಯ ಕಡೆಗೇ ವಾಲಿತ್ತು. ನೆಲಕ್ಕೂ ಗೋಡೆಗೂ ನಡುವೆ ಬೆರಳು ಹೋಗುವಷ್ಟು ಸಂದು. ನೀರು ಅದರೊಳಗೆ ಇಳಿಯುತ್ತಿತ್ತು, ಹೊರಗೆಲ್ಲೂ ಬರುತ್ತಿರಲಿಲ್ಲ.

ಅಮ್ಮ ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಮೊದಲು ಇಲ್ಲಿ ಅಗಳ ಇತ್ತು, ಆಳದ ಚರಂಡಿ. ನಮ್ಮ ಮಾವನವರು ತೋಡಿಸಿದ್ದು. ಮಳೆಗಾಲದ ಮೊದಲು ಅದರ ಕೆಸರು ತೆಗೆಯದೆ ಅವರು ಗದ್ದೆಗೆ ಇಳೀತಿರ್ಲಿಲ್ಲ."

"ಮುಚ್ಚಿದ್ದು ಯಾವಾಗ?"

"ಹತ್ತು ಹನ್ನೆರಡು ವರ್ಷ ಆಯ್ತು. ಹಾವು ಬರ್ತದೆ, ಒಬ್ಬಳೇ ಇರ್ತೆ ಅಂತ ಮಗ ಮುಚ್ಚಿಸಿದ. ಬಟ್ಟೆ ಒಗೆಯುದಕ್ಕೂ ಜಾಗ ಆಯ್ತು."

ಅದನ್ನು ಕೇಳಿದಾಗ ನನಗೆ ಕೋಪ ಬರಲಿಲ್ಲ. ತಾಯಿಯ ಮೇಲಿನ ಪ್ರೀತಿಯಿಂದ ಮಾಡಿಸಿದ ಕೆಲಸ ಅದು. ಎರಡಡಿ ಅಗೆಸಿ ನೋಡಿದೆ. ಒಡೆದ ಹಂಚು, ಕಲ್ಲಿನ ಚೂರು, ಪ್ಲಾಸ್ಟಿಕ್ ತುಂಬಿದ ಸಡಿಲ ಮಣ್ಣು. ಆ ಗುಂಡಿಯಲ್ಲಿ ನೀರು ತೊಟ್ಟಿಯ ಹಾಗೆ ನಿಂತಿತ್ತು.

ಅಗಳ ನಾಲ್ಕು ಅಡಿ ಆಳ ಇತ್ತಂತೆ. ಲೆಕ್ಕ ಹಾಕಿ ನೋಡಿ. ಮನೆ ಕಟ್ಟಿದವರು ಆ ಗೋಡೆಗೆ ಕೊಟ್ಟಿದ್ದು ಮೂರು ಅಡಿಯ ಭಾರ. ಮೇಲಿನ ನಾಲ್ಕು ಅಡಿ ಗೋಡೆಗೆ ಗಾಳಿ ಆಡುತ್ತಿತ್ತು. ಅಗಳ ಮುಚ್ಚಿದ ಮೇಲೆ ಮೂರು ಅಡಿ ಏಳಾಯಿತು. ಒತ್ತಡ ಐದು ಪಟ್ಟಿಗಿಂತ ಜಾಸ್ತಿ ಆಯಿತು. ಸುಮಾರು ಐವತ್ತು ವರ್ಷ ಏನೂ ಆಗದ ಗೋಡೆ ಹತ್ತು ವರ್ಷದಲ್ಲಿ ಉಬ್ಬಿದ್ದು ಹೀಗೆ. ಒಳಗೆ ಸಿಮೆಂಟ್ ಪ್ಲಾಸ್ಟರ್ ಬಿದ್ದ ಮೇಲೆ ಒದ್ದೆ ಒಳಕ್ಕೂ ಆರಲಿಲ್ಲ. ಸುಣ್ಣದ ಗೋಡೆ ಉಸಿರಾಡುತ್ತದೆ, ಸಿಮೆಂಟ್ ಅದರ ಬಾಯಿ ಕಟ್ಟುತ್ತದೆ.

ಜುಲೈನಲ್ಲಿ ಪುನರ್ವಸು ಮಳೆ ಹಿಡಿಯಿತು. 16ನೇ ತಾರೀಕು ಪಕ್ಕದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದು ಬಿತ್ತು. ಅವತ್ತು ಸಂಜೆ ಅಕ್ಕೋರು ಫೋನ್ ಮಾಡಿದಾಗ ಅವರಿಗೆ ಮಾತೇ ಹೊರಡುತ್ತಿರಲಿಲ್ಲ. "ನಮಗೂ ಹಿಂದೆ ಗುಡ್ಡವೇ ಅಲ್ವಾ? ಸಂಚಕಾರ ಹೋದರೆ ಹೋಗಲಿ, ಬಿಟ್ಟು ಬಿಡೋಣ್ವಾ?"

ಅವರ ಹೆದರಿಕೆ ನ್ಯಾಯವಾದದ್ದು. ಸಮಾಧಾನ ಹೇಳುವ ಬದಲು, ಮಳೆ ಸ್ವಲ್ಪ ಬಿಟ್ಟ ದಿನ ಗಂಡ ಹೆಂಡತಿ ಇಬ್ಬರನ್ನೂ ಕರೆದುಕೊಂಡು ಗುಡ್ಡ ಹತ್ತಿದೆ. ಕುಸಿಯುವ ಗುಡ್ಡ ಅನೇಕ ಸಲ ಮೊದಲೇ ಸೂಚನೆ ಕೊಡುತ್ತದೆ. ನೆತ್ತಿಯಲ್ಲಿ ಬಿಲ್ಲಿನಾಕಾರದ ಬಿರುಕು, ವಾಲಿದ ಮರ, ಇಲ್ಲದ ಕಡೆ ಹೊಸದಾಗಿ ಹುಟ್ಟಿದ ಒರತೆ, ಕೆಸರುಗಟ್ಟಿದ ಒರತೆ ನೀರು. ಇಲ್ಲಿ ಗುಡ್ಡ ನಿಧಾನದ ಇಳಿಜಾರು. ಮೇಲೆ ಗಟ್ಟಿ ಚಿರೇಕಲ್ಲಿನ ಹಾಸು, ನೆಟ್ಟಗೆ ನಿಂತ ಗೇರು ಮರ. ಮನೆಗಾಗಿ ಕಡಿದ ಧರೆ ಬಿಟ್ಟರೆ ಬೇರೆಲ್ಲೂ ಗುಡ್ಡ ಕಡಿದಿರಲಿಲ್ಲ. ಮೇಲೆ ಒಂದೇ ಒಂದು ಹೊಸ ಬಿರುಕು ಕಂಡಿದ್ದರೂ ಅವತ್ತೇ ಬೇಡ ಅನ್ನುತ್ತಿದ್ದೆ. ಗುಡ್ಡದ ಪ್ರಶ್ನೆಗೆ ಉತ್ತರ ಸಿಗದೆ ಗೋಡೆಯ ಮಾತು ಆಡಬಾರದು. ನಾನು ಮಾರ್ಚ್‌ನಲ್ಲಿ ಮೊದಲ ದಿನವೇ ಗುಡ್ಡ ಹತ್ತಬೇಕಿತ್ತು. ಈಗ ಎಲ್ಲಿ ಹೋದರೂ ಹಾಗೇ ಮಾಡುತ್ತೇನೆ.

ಜುಲೈ ಮೂರನೇ ವಾರ ಅಡ್ಡ ಬಿರುಕಿನ ಮೊಳೆಗಳ ದೂರ 101.9. ಮಳೆ ನಿಂತು ಅಕ್ಟೋಬರ್ ಬಂದಾಗ 101.3. ಪೂರ್ತಿ ಹಿಂದೆ ಹೋಗಲಿಲ್ಲ. ಸಂದಿನೊಳಗೆ ಮಣ್ಣು ಉದುರಿ ತುಂಬಿಕೊಳ್ಳುತ್ತದೆ, ಗೋಡೆ ವಾಪಸ್ ಹೋಗಲು ಜಾಗ ಇರುವುದಿಲ್ಲ. ವರ್ಷವರ್ಷ ಸ್ವಲ್ಪ ಸ್ವಲ್ಪ ಒಳಕ್ಕೆ ಬರುವುದು ಹೀಗೆ.

ಇನ್ನು ಮೂಲೆಯ ಬಿರುಕು. ಎಂದೋ ನಿಂತಿದೆ ಅಂದಿದ್ದೆನಲ್ಲ, ಅದೂ 0.8 ಮಿ.ಮೀ. ಅಗಲವಾಯಿತು. ಹುಡುಕಿದಾಗ ಸಿಕ್ಕಿದ್ದು ಬಚ್ಚಲಿನ ಇಂಗುಗುಂಡಿ. ಮೂಲೆಯಿಂದ ಐದೇ ಅಡಿ ದೂರ. ಪಾಯದ ಕೆಳಗಿನ ಮಣ್ಣು ವರ್ಷವಿಡೀ ನೆನೆಯುತ್ತಿತ್ತು. ಜೇಡರ ಬಲೆ ನೋಡಿ ತೀರ್ಮಾನ ಮಾಡಿದ್ದು ನನ್ನ ತಪ್ಪು. ಗಾಜು ಅಲ್ಲಿಗೂ ಹಾಕಿದ್ದರಿಂದ ತಪ್ಪು ಗೊತ್ತಾಯಿತು.

ಆಗಸ್ಟ್ ಮೊದಲ ವಾರ ಬಾವಿಯ ನೀರು ಮೂರನೇ ಗಂಟಿಗೆ ಬಂತು. ಕೋಣೆಯ ನೆಲದ ಒಂದು ಮೂಲೆಯಲ್ಲಿ ತೇವ ಒಸರಿತು. ಗೋಡೆ ಸರಿ ಮಾಡಬಹುದು, ಈ ಒಸರನ್ನು ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಅಕ್ಕೋರಿಗೆ ಅದನ್ನು ನೇರವಾಗಿಯೇ ಹೇಳಿದೆ. ಈ ಕೋಣೆಯಲ್ಲಿ ಮಕ್ಕಳನ್ನು ಕೂರಿಸುವುದು ಬೇಡ. ಪುಸ್ತಕ ಇಡುವುದಂತೂ ಬೇಡವೇ ಬೇಡ. ಅವರು ಮುಖ ಸಣ್ಣ ಮಾಡಿಕೊಂಡು ಹೊರಗೆ ಹೋಗಿ ಜಗಲಿಯಲ್ಲಿ ಕೂತರು. ನನಗೂ ಬೇಜಾರಾಯಿತು. ಆದರೆ ಆ ಮಾತನ್ನು ಸಹಿಗೆ ಮೊದಲೇ ಹೇಳಬೇಕಿತ್ತು.

ಬೆಲೆ ಮತ್ತು ಕೆಲಸ

ಅಕ್ಟೋಬರ್‌ನಲ್ಲಿ ದುರಸ್ತಿಯ ಅಂದಾಜು ಪಟ್ಟಿ ಬರೆದು ಎರಡೂ ಕಡೆಯವರಿಗೆ ಕೊಟ್ಟೆ. 5.2 ಲಕ್ಷ. ಎಲ್ಲಾ ಅಳತೆ, ಫೋಟೊ ಜೊತೆಗಿತ್ತು. ಪುಣೆಯ ಮಗ ಚೌಕಾಸಿ ಮಾಡಲಿಲ್ಲ. 42.5 ಲಕ್ಷಕ್ಕೆ ಮಾತು ಮುಗಿಯಿತು. ನವೆಂಬರ್‌ನಲ್ಲಿ ನೋಂದಣಿ ಆಯಿತು.

ಕೆಲಸ ಶುರು ಮಾಡಿದ್ದು 2025ರ ಫೆಬ್ರವರಿಯಲ್ಲಿ, ಮಣ್ಣು ಪೂರ್ತಿ ಒಣಗಿದ ಮೇಲೆ. ಮೊದಲು ಮೇಲಿನ ತೊಲೆಗಳಿಗೆ ಒಳಗಿನಿಂದ ಕಂಬ ಕೊಟ್ಟೆವು. ಆಮೇಲೆ ಮುಚ್ಚಿದ ಅಗಳವನ್ನು ಅಗೆದೆವು. ಒಂದೇ ಸಲಕ್ಕೆ 20 ಅಡಿ ಅಗೆಯಲಿಲ್ಲ. ಐದು ಅಡಿ ಅಗೆದು, ಐದು ಅಡಿ ಬಿಟ್ಟು, ಮತ್ತೆ ಐದು. ಹತ್ತು ವರ್ಷ ಒತ್ತಡಕ್ಕೆ ಒಗ್ಗಿದ ಗೋಡೆಯ ಬೆನ್ನನ್ನು ಒಮ್ಮೆಲೇ ಬಿಡಿಸಿದರೆ ಅದು ಎತ್ತ ಹೋಗುತ್ತದೆ ಹೇಳಲಾಗದು. ಜೆಸಿಬಿ ತರೋಣ, ಒಂದು ದಿನದ ಕೆಲಸ ಅಂತ ಹೇಳಿದವರು ಇದ್ದರು. ಅಂಕೋಲಾದಿಂದ ಬಂದ ನಮ್ಮ ಗೌಂಡಿ ಒಪ್ಪಲಿಲ್ಲ. "ಹಳೇ ಗೋಡೆ ಅದು ಸಾಹೇಬ್ರೇ, ಮುದುಕರನ್ನ ಎಬ್ಬಿಸ್ದಂಗೆ ಎಬ್ಬಿಸ್ಬೇಕು" ಅಂದರು.

ಮಣ್ಣು ತೆಗೆದು ನೋಡಿದಾಗ ಗೋಡೆಯ ಬಹುಪಾಲು ಕಲ್ಲು ಗಟ್ಟಿಯಾಗಿಯೇ ಇತ್ತು. ಸಂದಿನ ಮಣ್ಣು ತೊಳೆದು ಹೋದ ಒಂಬತ್ತು ಅಡಿಯನ್ನು ಮಾತ್ರ ಬಿಚ್ಚಿ, ಅದೇ ಕಲ್ಲನ್ನು ಸುಣ್ಣದ ಗಾರೆಯಲ್ಲಿ ಮತ್ತೆ ಕಟ್ಟಿದೆವು. ಉಳಿದ ಕಡೆ ಸಂದು ಕೆತ್ತಿ ಸುಣ್ಣ ತುಂಬಿದೆವು. ಒಳಗಿನ ಸಿಮೆಂಟ್ ಪ್ಲಾಸ್ಟರ್ ಪೂರ್ತಿ ತೆಗೆಸಿದೆವು.

ಅಗಳ ಮತ್ತೆ ತೆರೆದುಕೊಂಡಿತು. ನಾಲ್ಕು ಅಡಿ ಆಳ, ಎರಡೂವರೆ ಅಡಿ ಅಗಲ. ತಳದಲ್ಲಿ ಜಲ್ಲಿ, ಜಲ್ಲಿಯೊಳಗೆ ತೂತು ಕೊರೆದ ನಾಲ್ಕು ಇಂಚಿನ ಪಿವಿಸಿ ಪೈಪ್. ಪೈಪ್‌ನ ಎರಡೂ ತುದಿ ತೋಟಕ್ಕೆ. ಹಾವಿನ ಭಯಕ್ಕೆ ಮೇಲೆ ಕಬ್ಬಿಣದ ಚೌಕಟ್ಟಿಗೆ ಸಣ್ಣ ಕಣ್ಣಿನ ಜಾಳಿಗೆ ಹಾಕಿಸಿದೆವು, ಕೆಸರು ತೆಗೆಯಲು ಎತ್ತಿ ಇಡುವ ಹಾಗೆ. ಮಾಡಿನ ಹಿಂಬದಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟಿ ಆ ನೀರನ್ನು ಬೇರೆ ಪೈಪ್‌ನಲ್ಲಿ ಕೆಳಕ್ಕೆ ಬಿಟ್ಟೆವು. ಇಂಗುಗುಂಡಿಯನ್ನು ಮೂಲೆಯಿಂದ ಮೂವತ್ತು ಅಡಿ ಆಚೆ, ಇಳಿಜಾರಿನ ಕೆಳಗೆ ಹಾಕಿದೆವು. ಒಟ್ಟು ಖರ್ಚು 5.9 ಲಕ್ಷ. ನನ್ನ ಅಂದಾಜಿಗಿಂತ 70 ಸಾವಿರ ಜಾಸ್ತಿ. ಸುಣ್ಣದ ಕೆಲಸ ಗೊತ್ತಿರುವ ಆಳುಗಳು ಈಗ ಕಡಿಮೆ, ಅವರ ಕೂಲಿಯನ್ನು ನಾನು ಕಡಿಮೆ ಹಿಡಿದಿದ್ದೆ.

2025ರ ಜೂನ್‌ಗೆ ಮೊದಲು ಮತ್ತೆ ಆರು ಗಾಜು ಕೂರಿಸಿದೆ. ಮೊದಲ ಜೋರು ಮಳೆಯ ದಿನ ನಾನೇ ಹೋಗಿ ನಿಂತೆ. ಪೈಪ್‌ನ ತುದಿಯಿಂದ ಮೊದಲು ಕೆಂಪು ನೀರು ಬಂತು. ಅರ್ಧ ಗಂಟೆಯಲ್ಲಿ ತಿಳಿಯಾಯಿತು. ಗೋಡೆ ಒಣಗಿಯೇ ಇತ್ತು. ಸೆಪ್ಟೆಂಬರ್ ಮುಗಿಯುವ ತನಕ ಒಂದು ಗಾಜೂ ಒಡೆಯಲಿಲ್ಲ. ಮೂಲೆಯ ಮೊಳೆಗಳೂ ಅಲುಗಲಿಲ್ಲ. ಆಗಸ್ಟ್‌ನಲ್ಲಿ ನೆಲದ ಆ ಮೂಲೆ ಒಸರಿತು, ಹೇಳಿದ ಹಾಗೆಯೇ. ಅಲ್ಲಿ ಈಗ ಮರದ ಅಟ್ಟಣಿಗೆ ಮೇಲೆ ತೆಂಗಿನಕಾಯಿ ರಾಶಿ ಇದೆ.

ಕೇರಿಯ ಮಕ್ಕಳು ಸಂಜೆ ಜಗಲಿಯಲ್ಲಿ ಓದುತ್ತಾರೆ. ಪುಣೆಯಿಂದ ಅಮ್ಮ ಆಗಾಗ ಅಕ್ಕೋರಿಗೆ ಫೋನ್ ಮಾಡುತ್ತಾರೆ. ಮೇ ತಿಂಗಳಾದರೆ ಕೇಳುವುದು ಒಂದೇ ಪ್ರಶ್ನೆ: "ಅಗಳದ ಕೆಸರು ತೆಗೆಸಿದಿರಾ?"